ಎಡಗೈ ರಾಜ

ರಾಯಚೂರು
೨ ಜೂನ್ ೨೦೨೪

ಮಾನ್ವಿಯ ಗ್ರಂಥಾಲಯದ ಪಡಸಾಲೆಯಲ್ಲಿ ಈ ಬೆಳಿಗ್ಗೆ ಕೂಡಿರುವ ಹಿರಿಯರಿಗೂ ಮಕ್ಕಳಿಗೂ ಅನ್ನಪೂರ್ಣಳ ನಮಸ್ಕಾರ.

ನಿಮ್ಮೆದುರು ನಿಂತು ಆಡಬೇಕೆಂದಿದ್ದ ಮಾತುಗಳನ್ನು ಕಾಗದದ ಮೇಲಿಟ್ಟು ಕಳಿಸುತ್ತಿದ್ದೇನೆ. ಬಸ್ಸಿನ ಮೆಟ್ಟಿಲಲ್ಲಿ ಜಾರಿ ಕಾಲಿಗೆ ಕಟ್ಟು ಬಿದ್ದಿದೆ. ಇನ್ನು ಕೆಲವು ತಿಂಗಳು ಮನೆಯೇ ಗತಿ. ಇಷ್ಟು ವರ್ಷ ಶಾಲೆಯಲ್ಲಿ ಇತಿಹಾಸದ ಪಾಠ ಹೇಳಿದವಳಿಗೆ ಸುಮ್ಮನೆ ಕೂರುವುದು ಬಾರದ ವಿದ್ಯೆ. ಆದ್ದರಿಂದ ನಮ್ಮ ಕೆಲಸವನ್ನು ಪತ್ರಗಳಲ್ಲೇ ನಡೆಸೋಣ. ಮೊಬೈಲಿನ ಸಂದೇಶ ಬೇಡ. ಕೈಯಿಂದ ಬರೆಯುವಾಗ ಮನಸ್ಸು ನಿಧಾನವಾಗಿ ನಡೆಯುತ್ತದೆ. ನಮಗೆ ಬೇಕಾದದ್ದು ಆ ನಡಿಗೆ.

ಹಿರಿಯರಿಗೆ ಮೊದಲು ಕೃತಜ್ಞತೆ ಸಲ್ಲಬೇಕು. ಅಕ್ಕಿ ಗಿರಣಿಯ ಸಿದ್ದರಾಮಪ್ಪನವರು ಪುಸ್ತಕದ ಬಿಡುಗಡೆಗೆ ತಮ್ಮ ಗಿರಣಿಯ ಅಂಗಳವನ್ನು ಕೊಟ್ಟಿದ್ದಾರೆ. ಪುಸ್ತಕದ ಬೀಜವೂ ಅವರದೇ. ನಿಜಾಮರ ಕಾಲದಲ್ಲಿ ಅದೇ ಅಂಗಳ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನದಾಗಿತ್ತು. ಚಿತ್ರಗಳಿಗೆ ಇನ್ನೂ ಮಾತು ಬಂದಿರದ ಆ ದಿನಗಳಲ್ಲಿ, ರಾಯಚೂರು ರೈಲು ನಿಲ್ದಾಣದಲ್ಲಿ ಇಳಿದ ಒಂದು ಡೇರೆ ಬಾಯಿಸ್ಕೋಪನ್ನು ಅವರ ಅಜ್ಜನವರು ಎತ್ತಿನ ಬಂಡಿಗಳಲ್ಲಿ ಮಾನ್ವಿಗೆ ತರಿಸಿದರಂತೆ. ದೇವದುರ್ಗದಿಂದ ಮೊಮ್ಮಗಳು ರೇಣುಕಮ್ಮಳ ಕೈ ಹಿಡಿದು ಬಂದಿರುವ ಹಂಪಯ್ಯನವರಿಗೂ, ಮಕ್ಕಳನ್ನು ಭಾನುವಾರದ ಆಟದಿಂದ ಬಿಡಿಸಿ ಕಳಿಸಿದ ತಾಯಿತಂದೆಯರಿಗೂ ನನ್ನ ವಂದನೆ.

ಮಕ್ಕಳೇ, ಕೈಯಿಂದ ತಿರುಗಿಸುವ ಯಂತ್ರ, ಎದುರಿಗೆ ಒಂದು ಬಿಳಿ ಬಟ್ಟೆ, ಅದರ ಪಕ್ಕದಲ್ಲಿ ಕೋಲು ಹಿಡಿದು ಕನ್ನಡದಲ್ಲೂ ತೆಲುಗಿನಲ್ಲೂ ಉರ್ದುವಿನಲ್ಲೂ ಕತೆ ಬಿಡಿಸಿ ಹೇಳುವ ಒಬ್ಬ ಮನುಷ್ಯ. ಆ ಕಾಲದ ಸಿನಿಮಾ ಇಷ್ಟೇ. ಆ ಡೇರೆಯ ಕತೆಯನ್ನು ನಿಮ್ಮಂಥ ಮಕ್ಕಳಿಗಾಗಿ ನೀವು ಏಳು ಮಂದಿ ಬರೆಯಬೇಕು. ಒಬ್ಬರಿಗೆ ಒಂದು ಅಧ್ಯಾಯ. ರಾಯಚೂರಿನ ಕೊಟ್ರೇಶ ಕೋಲಿನ ಮನುಷ್ಯನ ಬಗ್ಗೆ, ಸಿದ್ದರಾಮಪ್ಪನವರ ಮೊಮ್ಮಗಳು ಉಮಾಶ್ರೀ ಅಂಗಳದ ಬಗ್ಗೆ, ದೇವದುರ್ಗದ ರೇಣುಕಮ್ಮ ಚಿತ್ರ ನೋಡಿದ ಹುಡುಗಿಯ ಬಗ್ಗೆ. ಉಳಿದವರ ಪಾಲು ಚೀಟಿಯಲ್ಲಿದೆ.

ನನ್ನ ನಿಯಮ ಒಂದೇ. ಮನೆಯ ಹಿರಿಯರನ್ನು ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಮೊದಲು ಬರೆದುಕೊಳ್ಳಿ.

ನಿಮ್ಮ ಬರಹಗಳ ದಾರಿ ನೋಡುವ,
ಅನ್ನಪೂರ್ಣ


ದೇವದುರ್ಗ
೨೩ ಜೂನ್ ೨೦೨೪

ಪೂಜ್ಯ ಅನ್ನಪೂರ್ಣ ಮೇಡಂ ಅವರಿಗೆ ರೇಣುಕಮ್ಮಳ ನಮಸ್ಕಾರಗಳು.

ನಿಮ್ಮ ಕಾಲು ಬೇಗ ಗುಣವಾಗಲಿ. ನನ್ನ ಅಧ್ಯಾಯವನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಮಸಿ ಅಲ್ಲಲ್ಲಿ ಒರೆಸಿಕೊಂಡಿದೆ, ಕ್ಷಮಿಸಬೇಕು. ನಾನು ಎಡಗೈಯಲ್ಲಿ ಬರೆಯುತ್ತೇನೆ. ಬರೆದದ್ದರ ಮೇಲೆಯೇ ಕೈ ಹೋಗುತ್ತದೆ.

ನನ್ನ ಕತೆಯ ಹುಡುಗಿಯ ಹೆಸರು ಹುಲಗಿ. ಅವಳು ಸುಳ್ಳಿನ ಹುಡುಗಿ ಅಲ್ಲ. ತಾತನ ಅವ್ವ ಹುಲಗೆಮ್ಮ ಸಣ್ಣಾಕಿ ಇದ್ದಾಗ ಅವಳ ತಂದೆತಾಯಿ ಮಾನ್ವಿಯ ಆ ಹತ್ತಿ ಜಿನ್ನಿನಲ್ಲಿಯೇ ಕೂಲಿಗಿದ್ದರು. ಅವಳು ಆ ಬಾಯಿಸ್ಕೋಪನ್ನು ಕಣ್ಣಾರೆ ಕಂಡಿದ್ದಳು. ಸಾಯುವ ತನಕ ಅದನ್ನೇ ಹೇಳುತ್ತಿದ್ದಳಂತೆ. ಈಗ ತಾತ ಹೇಳುತ್ತಾನೆ. ನಾನು ಕೇಳಿದಾಗ ಹೊರಸಿನ ಮೇಲೆ ಎದ್ದು ಕುಳಿತು, "ಬರಕೋ ಯವ್ವಾ, ಆದ್ರ ನಡು ನಡು ಬಾಯಿ ಹಾಕಬ್ಯಾಡ. ನಮ್ಮವ್ವ ಬಾಯಿ ಹಾಕಿದ್ರ ಕತಿ ನಿಂದ್ರಸ್ತಿದ್ಲು" ಅಂದ. ನಾನು ಬಾಯಿ ಹಾಕಲಿಲ್ಲ. ಹೇಳಿದ ಹಾಗೆಯೇ ಬರೆದೆ.

ಅಧ್ಯಾಯದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು:

"ಬಟ್ಟೆಯ ಮೇಲೆ ಒಬ್ಬ ರಾಜ ಬಂದ. ಅವನು ಬಾಯಿ ತೆರೆದ, ಮಾತು ಬರಲಿಲ್ಲ. ಕೋಲಿನ ಮನುಷ್ಯ ಅವನ ಪರವಾಗಿ ಗುಡುಗಿದ. ರಾಜ ಎಡಗೈಯಿಂದ ಕತ್ತಿ ಹಿರಿದ. ಎಡಗೈಯಿಂದಲೇ ಮಂತ್ರಿಗೆ ದಾರಿ ತೋರಿಸಿದ. ಯುದ್ಧ ಗೆದ್ದು ಬಂದು ಎಡಗೈಯಿಂದಲೇ ಉಂಡ. ರಾಣಿ ಬೈಯಲಿಲ್ಲ. ಯಾರೂ ಬೈಯಲಿಲ್ಲ. ಹುಲಗಿ ತನ್ನ ಎಡಗೈಯನ್ನು ಮಡಿಲಿನಿಂದ ತೆಗೆದು ನೋಡಿಕೊಂಡಳು."

ತಪ್ಪಿದ್ದರೆ ತಿದ್ದಿರಿ.

ನಿಮ್ಮ ವಿದ್ಯಾರ್ಥಿನಿ,
ರೇಣುಕಮ್ಮ, ಒಂಬತ್ತನೆಯ ತರಗತಿ


ರಾಯಚೂರು
೧ ಜುಲೈ ೨೦೨೪

ಚಿರಂಜೀವಿ ರೇಣುಕಮ್ಮಳಿಗೆ ಆಶೀರ್ವಾದಗಳು.

ನಿನ್ನ ಅಧ್ಯಾಯ ಓದಿ ಕಟ್ಟಿದ ಕಾಲನ್ನೂ ಮರೆತು ಎದ್ದು ನಿಲ್ಲಲು ಹೋದೆ. ಬಾಯಿ ತೆರೆದ ರಾಜನಿಗೆ ಮಾತು ಬಾರದಿರುವ ಆ ಸಾಲು ನಿಜವಾಗಿ ಬರೆಯಬಲ್ಲವರಿಗಷ್ಟೇ ಬರುತ್ತದೆ. ಮುಂದೆ ನೀನು ಬರೆಯುತ್ತಲೇ ಇರಬೇಕೆಂದು ಈಗಲೇ ಹೇಳಿಬಿಡುತ್ತೇನೆ.

ಒಂದು ಸಣ್ಣ ತಿದ್ದುಪಡಿ ಮಾಡಿದ್ದೇನೆ. ರಾಜನ ಎಡಗೈಯನ್ನು ಎಲ್ಲ ಕಡೆ ಬಲಗೈ ಎಂದು ಬದಲಿಸಿದ್ದೇನೆ. ಖಡ್ಗ ಹಿಡಿಯುವುದು ಬಲಗೈಯಲ್ಲಿ, ಗುರಾಣಿ ಎಡಗೈಯಲ್ಲಿ. ಊಟವಂತೂ ಹೇಳಬೇಕಾಗಿಯೇ ಇಲ್ಲ. ಆ ಕಾಲದಲ್ಲಿ ರಾಜನ ವೇಷದವನು ಎಡಗೈಯಲ್ಲಿ ಉಂಡಿದ್ದರೆ ಡೇರೆಯಲ್ಲಿ ಗದ್ದಲವೇ ಆಗುತ್ತಿತ್ತು. ಇಷ್ಟು ವರ್ಷಗಳ ನೆನಪಿನಲ್ಲಿ ಇಂಥ ವ್ಯತ್ಯಾಸ ಸಹಜ. ಇತಿಹಾಸದ ಕತೆ ಬರೆಯುವವರು ನೆನಪನ್ನು ಗೌರವಿಸಬೇಕು, ಜೊತೆಗೆ ಪರೀಕ್ಷಿಸಲೂಬೇಕು.

ಹುಲಗಿ ತನ್ನ ಕೈ ನೋಡಿಕೊಳ್ಳುವ ಸಾಲಿಗೆ ಈಗ ಅರ್ಥವಿಲ್ಲವಾದ್ದರಿಂದ ತೆಗೆದಿದ್ದೇನೆ. ತಿದ್ದಿದ ಪ್ರತಿಯನ್ನು ಉಳಿದ ಆರು ಮಂದಿಗೂ ಮಾದರಿಯಾಗಿ ಕಳಿಸಿದ್ದೇನೆ. ನಿನಗೆ ಹೆಮ್ಮೆಯಾಗಬೇಕು.

ಶುಭ ಕೋರುವ,
ಅನ್ನಪೂರ್ಣ


ದೇವದುರ್ಗ
೧೪ ಜುಲೈ ೨೦೨೪

ಪೂಜ್ಯ ಮೇಡಂ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ತಾತನಿಗೆ ಓದಿ ಹೇಳಿದೆ. ಅವನು ಎಲೆ ಅಡಿಕೆ ಹಾಕುವುದನ್ನು ನಿಲ್ಲಿಸಿದ.

"ಮೇಡಂ ಅವರು ನೋಡ್ಯಾರೇನು ಆ ಬಾಯಿಸ್ಕೋಪು?" ಅಂದ.

"ಅವರು ಹ್ಯಾಂಗ ನೋಡತಾರ ತಾತಾ, ಹುಟ್ಟೇ ಇರಲಿಲ್ಲ" ಅಂದೆ.

"ನಾನೂ ಹುಟ್ಟಿರಲಿಲ್ಲ. ನೋಡಿದಾಕಿ ನಮ್ಮವ್ವ. ಅಕಿ ಉಪ್ಪು ಹೆಚ್ಚಾತು ಅಂದ್ರ ಹೆಚ್ಚೇ ಆಗಿರ್ತಿತ್ತು. ಸುಳ್ಳು ಹೇಳಾಕಿ ಅಲ್ಲ." ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಮೇಡಂ, ನಾನು ಒಂದನೆಯ ತರಗತಿಯಲ್ಲಿದ್ದಾಗ ಒಬ್ಬ ಮಾಸ್ತರು ನನ್ನ ಎಡಗೈಗೆ ಪಟ್ಟಿಯಿಂದ ಹೊಡೆಯುತ್ತಿದ್ದರು. ಇನ್ನು ಶಾಲೆಗೆ ಹೋಗುವುದಿಲ್ಲ ಎಂದು ಅತ್ತೆ. ಆಗ ತಾತ ಎಡಗೈ ರಾಜನ ಕತೆ ಹೇಳಿದ. "ರಾಜನೇ ಎಡಗೈಲೆ ಉಂಡಾನ. ಆ ಮಾಸ್ತರ ಯಾವ ಗಿಡದ ತಪ್ಪಲ" ಅಂದ. ನಮ್ಮ ಮನೆಯಲ್ಲಿ ಎಡಗೈಯವರು ಬಹಳ. ಹುಲಗೆಮ್ಮನೂ ಎಡಗೈಯವಳೇ. ನಮ್ಮನ್ನೆಲ್ಲ ಮನೆಯಲ್ಲಿ ಬಾಯಿಸ್ಕೋಪಿನ ವಂಶದವರು ಅಂತ ಕರೆಯುತ್ತಾರೆ. ನಾನು ಮರುದಿನ ಶಾಲೆಗೆ ಹೋದೆ.

ನನಗೆ ಇನ್ನೂ ಗೊತ್ತಿರುವುದನ್ನು ಬರೆಯುತ್ತೇನೆ, ನೀವು ಪರೀಕ್ಷಿಸಿರಿ. ಬಟ್ಟೆಗೆ ಕೊಡಗಟ್ಟಲೆ ನೀರು ಗೊಜ್ಜಿ ತೋಯಿಸುತ್ತಿದ್ದರಂತೆ. ಹುಲಗೆಮ್ಮ ಬಟ್ಟೆಗೆ ಹತ್ತಿರ ಕುಳಿತಿದ್ದರಿಂದ ಅವಳ ತಲೆಯ ಮೇಲೆ ಹನಿ ತೊಟ್ಟಿಕ್ಕುತ್ತಿದ್ದವಂತೆ. ಚಿತ್ರದ ನಟ್ಟನಡುವೆ ಸೂರ್ಯನ ಹಾಗೆ ಒಂದು ಬೆಳಕು ಕಣ್ಣಿಗೆ ಹೊಡೆಯುತ್ತಿತ್ತಂತೆ. ಕೈ ಅಡ್ಡ ಇಟ್ಟುಕೊಂಡು ನೋಡುತ್ತಿದ್ದರಂತೆ. ಇಷ್ಟೆಲ್ಲ ನೆನಪಿಟ್ಟವಳು ರಾಜನ ಕೈ ಮರೆಯುತ್ತಾಳೆಯೇ?

ನನ್ನ ಸಾಲು ನನಗೆ ಬೇಕು.

ಇಂತಿ,
ರೇಣುಕಮ್ಮ


ರಾಯಚೂರು
೧೯ ಜುಲೈ ೨೦೨೪

ಶ್ರೀ ಸಿದ್ದರಾಮಪ್ಪನವರಿಗೆ ಶರಣು ಶರಣಾರ್ಥಿಗಳು.

ಒಂದು ವಿಷಯವನ್ನು ನಿಮ್ಮಲ್ಲಿ ನೇರವಾಗಿ ಕೇಳಬೇಕಾಗಿದೆ. ನಿಮ್ಮ ಅಜ್ಜನವರು ತರಿಸಿದ ಬಾಯಿಸ್ಕೋಪಿನ ಪರದೆಯನ್ನು ಅಂಗಳದ ಅಂಚಿನಲ್ಲಿ ಕಟ್ಟಿದ್ದರೋ, ನಡುವೆ ಕಟ್ಟಿದ್ದರೋ? ಅದರ ಎರಡೂ ಬದಿಗೆ ಜನ ಕೂರುತ್ತಿದ್ದರೇ? ಕೂರುತ್ತಿದ್ದರೆ ಯಂತ್ರವಿದ್ದ ಕಡೆ ಯಾರು, ಹಿಂಬದಿಗೆ ಯಾರು?

ಬಟ್ಟೆ ಒದ್ದೆಯಾದರೆ ಬೆಳಕು ಅದರೊಳಗಿಂದ ಹಾದು ಹಿಂದಕ್ಕೂ ಚಿತ್ರ ಕಾಣುತ್ತದೆ ಎಂಬುದನ್ನು ಓದಿ ಬಲ್ಲೆ. ಅದು ಹೊಳೆದ ಮೇಲೆ ನನಗೆ ಸಮಾಧಾನವಿಲ್ಲ. ಚಿತ್ರದ ರಾಜನದು ಎಡಗೈ ಎಂದು ದೇವದುರ್ಗದ ಒಂದು ಮಗು ಬರೆದದ್ದನ್ನು ಬಲಗೈ ಎಂದು ತಿದ್ದಿಬಿಟ್ಟೆ; ಅವಳಿಗೆ ನಾನು ಉತ್ತರ ಕೊಡಬೇಕಾಗಿದೆ.

ವಿಶ್ವಾಸದ,
ಅನ್ನಪೂರ್ಣ


ಮಾನ್ವಿ
೨೭ ಜುಲೈ ೨೦೨೪

ಸಹೋದರಿ ಅನ್ನಪೂರ್ಣ ಅವರಿಗೆ ಸಿದ್ದರಾಮಪ್ಪನ ಶರಣು.

ತಮ್ಮ ಪತ್ರ ತಲುಪಿತು. ಪರದೆಯನ್ನು ನಡುವೆಯೇ ಕಟ್ಟಿದ್ದರು. ಮುಂದೆ ಊರವರು, ಹಿಂದೆ ಜಿನ್ನಿನ ಕೂಲಿಯವರು, ಕೇರಿಯ ಜನ. ನಮ್ಮ ಅಜ್ಜ ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದ. ಡೇರೆಯವನು ಕೇರಿಯವರನ್ನು ಒಳಗೆ ಬಿಡಲಾರೆ ಎಂದನಂತೆ, ಮುಂದೆ ಕೂರುವವರು ಎದ್ದು ಹೋಗುತ್ತಾರೆ ಎಂದು. ಅಜ್ಜ, "ಅವರೂ ಮನಷ್ಯಾರೇ ಅದಾರ, ಹೊರಗ ನಿಂತು ಸಪ್ಪಳ ಕೇಳೋ ಬದಲಿ ಹಿಂದ ಕುಂತು ನೋಡಲಿ" ಎಂದು ಜಾಗ ಮಾಡಿಸಿದ. ಟಿಕೀಟು ಕೇಳಲಿಲ್ಲ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ ಎಂಬುದನ್ನು ಇತಿಹಾಸ ಕಲಿಸಿದ ತಮಗೆ ನಾನು ಹೇಳಬೇಕಿಲ್ಲ.

ಆದರೆ ತಾಯೀ, ಇದನ್ನು ಪುಸ್ತಕದಲ್ಲಿ ಹಾಕಿದರೆ ಇಂದಿನವರು ಅಜ್ಜನ ಒಳ್ಳೆಯತನವನ್ನು ನೋಡುವುದಿಲ್ಲ. ಕೂರಿಸಿದ ಜಾಗವನ್ನಷ್ಟೇ ನೋಡುತ್ತಾರೆ. ಉಮಾಶ್ರೀ ತನ್ನ ಅಧ್ಯಾಯದಲ್ಲಿ ಅವನನ್ನು ದೇವರಂತೆ ಬರೆದಿದ್ದಾಳೆ. ಆ ಹುಡುಗಿಯ ಮುಖ ನೋಡಿರಿ. ಮಕ್ಕಳ ಪುಸ್ತಕ ಸಿಹಿಯಾಗಿರಲಿ. ರಾಜನ ಕೈ ಬಲಗೈಯೇ ಆಗಿದ್ದಿತಲ್ಲ; ತಾವು ತಿದ್ದಿದ್ದರಲ್ಲಿ ತಪ್ಪೇನೂ ಇಲ್ಲ.

ಕಾಲು ಗುಣವಾದ ಮೇಲೆ ಮನೆಗೆ ಬರ್ರಿ.

ತಮ್ಮ,
ಸಿದ್ದರಾಮಪ್ಪ


ರಾಯಚೂರು
೪ ಆಗಸ್ಟ್ ೨೦೨೪

ಚಿರಂಜೀವಿ ರೇಣುಕಮ್ಮಳಿಗೆ,

ತಪ್ಪು ನಿನ್ನದಲ್ಲ, ನಿನ್ನ ತಾತನದಲ್ಲ, ಹುಲಗೆಮ್ಮನದಲ್ಲ, ನನ್ನದು. ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಳ್ಳಿ ಎಂದು ಹೇಳಿ, ನೀನು ಹಾಗೆ ಬರೆದಾಗ ನಾನೇ ನಂಬಲಿಲ್ಲ.

ಈಗ ಹೇಳುವುದನ್ನು ನಿಧಾನವಾಗಿ ಓದು. ಒಂದು ತೆಳ್ಳನೆಯ ಹಾಳೆಯ ಮೇಲೆ ಬಲಗೈಯಲ್ಲಿ ಕತ್ತಿ ಹಿಡಿದ ರಾಜನನ್ನು ಬರೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನಿಂದ ನೋಡು. ಕತ್ತಿ ಎಡಗೈಗೆ ಬಂದಿರುತ್ತದೆ. ಆ ಡೇರೆಯಲ್ಲಿ ಪರದೆ ನಡುವೆ ಇತ್ತು. ಅದನ್ನು ಒದ್ದೆ ಮಾಡುತ್ತಿದ್ದದ್ದು ಹಿಂದೆ ಕೂತವರಿಗೂ ಚಿತ್ರ ಕಾಣಲೆಂದು. ಹುಲಗೆಮ್ಮ ಹಿಂದೆ ಕೂತಿದ್ದಳು. ಆದ್ದರಿಂದಲೇ ಯಂತ್ರದ ದೀಪ ಬಟ್ಟೆಯಿಂದ ಹಾದು ಅವಳ ಕಣ್ಣಿಗೆ ಹೊಡೆಯುತ್ತಿತ್ತು. ಮುಂದೆ ಕೂತವರು ಬಲಗೈ ಕಂಡರು. ಅವಳು ಎಡಗೈ ಕಂಡಳು.

ಅವಳನ್ನು ಹಿಂದೆ ಕೂರಿಸಿದ್ದು ಜಾತಿಯ ಕಾರಣಕ್ಕೆ. ಇದನ್ನು ಮೆತ್ತಗೆ ಮಾಡಿ ಹೇಳುವ ಪದಗಳು ನನ್ನ ಬಳಿ ಇವೆ. ಅವುಗಳನ್ನು ನಿನಗೆ ಬಳಸಲಾರೆ. ನೀನು ಒಂಬತ್ತನೆಯ ತರಗತಿಯವಳು. ಎರಡು ದಿನ ಯೋಚಿಸಿದೆ, ಹೇಳದೆ ಇರಬಹುದೇ ಎಂದು. ಹೇಳದಿದ್ದರೆ ನಿನ್ನ ಅಧ್ಯಾಯವನ್ನು ಎರಡನೆಯ ಸಲ ತಿದ್ದಿದಂತಾಗುತ್ತಿತ್ತು.

ನೀನು ಬರೆದ ಮೂಲ ಪ್ರತಿ ನನ್ನ ಬಳಿ ಭದ್ರವಾಗಿದೆ. ನಿನ್ನ ಸಾಲು ಅದರಲ್ಲಿದೆ. ಮುಂದೆ ಏನು ಮಾಡೋಣ ಎಂದು ನೀನೇ ಹೇಳು.

ನಿನ್ನ,
ಅನ್ನಪೂರ್ಣ


ರಾಯಚೂರು
೮ ಸೆಪ್ಟೆಂಬರ್ ೨೦೨೪

ರೇಣುಕಮ್ಮಾ,

ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದಾಗಲೆಲ್ಲ ಬಾಗಿಲಿಗೆ ಹೋಗುತ್ತೇನೆ. ಕಟ್ಟು ಬಿಚ್ಚಿದ್ದಾರೆ, ಕೋಲು ಹಿಡಿದು ಓಣಿಯ ತುದಿಯ ತನಕ ನಡೆಯುತ್ತೇನೆ. ಉಳಿದ ಆರು ಅಧ್ಯಾಯಗಳೂ ಬಂದಿವೆ. ಕೊಟ್ರೇಶನ ಬರಹ ಚುರುಕಾಗಿದೆ, ಉಮಾಶ್ರೀಯದು ಅಂದವಾಗಿದೆ.

ನಿನ್ನಿಂದ ಅಧ್ಯಾಯ ಕೇಳುತ್ತಿಲ್ಲ. ಕೋಪವಿದ್ದರೆ ಕೋಪವನ್ನೇ ಬರೆದು ಕಳಿಸು. ಒಂದು ಸಾಲು ಸಾಕು. ಶಾಲೆಗೆ ಹೋಗುತ್ತಿದ್ದೀಯಷ್ಟೇ?

ಅನ್ನಪೂರ್ಣ


ದೇವದುರ್ಗ
೨೯ ಸೆಪ್ಟೆಂಬರ್ ೨೦೨೪

ಮೇಡಂ ಅವರಿಗೆ ನಮಸ್ಕಾರ.

ಅಕ್ಷರ ಸೊಟ್ಟಗಿವೆ. ಬಲಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದೇನೆ. ಮೊದಲು ಕ ಮತ್ತು ತ ಬರುತ್ತಿರಲಿಲ್ಲ, ಈಗ ಬರುತ್ತವೆ. ಶಾಲೆಗೆ ಹೋಗುತ್ತಿದ್ದೇನೆ.

ನೀವು ಹೇಳಿದ ಹಾಗೆ ಹಾಳೆಯ ಮೇಲೆ ರಾಜನನ್ನು ಬರೆದು ಕಿಟಕಿಗೆ ಹಿಡಿದೆ. ಹೌದು. ಆ ಹಾಳೆಯನ್ನು ತಾತನಿಗೆ ತೋರಿಸಿದೆ.

"ತಾತಾ, ಪರದಿ ಹಿಂದ ಕುಂದ್ರಸಿದ್ರಂತ. ನಿಮಗ ಗೊತ್ತಿತ್ತೇನು?"

"ಗೊತ್ತಿಲ್ಲದ ಏನು ಬೇ. ಕುಂತಾಕಿಗೇ ಗೊತ್ತಿರೂದಿಲ್ಲೇನು ತಾನು ಎಲ್ಲಿ ಕುಂತಿದ್ದೆ ಅಂತ?"

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀ ರಾಜನ ಕತಿ ಕೇಳಿದಿ, ರಾಜನ ಕತಿ ಹೇಳಿದೆ. ಸಣ್ಣ ಕೂಸು ಅಳಾಕತ್ತಿತ್ತು. ಕುಂತ ಜಾಗದ ಕತಿ ಹೇಳಿ ಇನ್ನಷ್ಟು ಅಳಸಲೇನು?"

"ರಾಜ ಎಡಗೈಯಾಂವ ಅಲ್ಲಂತ."

ತಾತ ಹಾಳೆಯನ್ನು ಈ ಕಡೆ ಆ ಕಡೆ ತಿರುಗಿಸಿ ನೋಡಿದ. "ಇದು ನಮ್ಮವ್ವಗ ಗೊತ್ತಿರಲಿಲ್ಲ" ಅಂದ. ಆಮೇಲೆ, "ಗೊತ್ತಾಗದ ಹೋದದ್ದು ಚಲೋ ಆತು" ಅಂದ. ಅವನು ಅತ್ತದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

ಮೇಡಂ, ಪುಸ್ತಕದಲ್ಲಿ ನೀವು ತಿದ್ದಿದ್ದೇ ಇರಲಿ. ಬಲಗೈಯೇ ಇರಲಿ. ನಮ್ಮ ಮನೆಯಲ್ಲಿ ಅಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡದ್ದು ಹಿಂದೆ ಕೂರಿಸಿದ್ದರ ಗುರುತು ಅಂತ ಎಲ್ಲರೂ ಓದುವುದು ನನಗೆ ಬೇಡ. ನನ್ನ ಹೆಸರೂ ಬೇಡ.

ರೇಣುಕಮ್ಮ


ರಾಯಚೂರು
೬ ಅಕ್ಟೋಬರ್ ೨೦೨೪

ಪ್ರೀತಿಯ ರೇಣುಕಮ್ಮಳಿಗೆ,

ನಿನ್ನ ಪತ್ರವನ್ನು ಓದಲು ಬಹಳ ಹೊತ್ತು ಬೇಕಾಯಿತು. ಅಕ್ಷರಗಳ ಕಾರಣಕ್ಕಲ್ಲ.

ತಿದ್ದಿದ ಪ್ರತಿಯನ್ನು ನಾನು ಅಚ್ಚಿಗೆ ಕೊಡುವುದಿಲ್ಲ. ಅದು ನಿನ್ನದಲ್ಲ, ನನ್ನದು, ಮತ್ತು ತಪ್ಪು. ನಿನ್ನ ಅಧ್ಯಾಯವನ್ನು ಕೊಡುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಹುಲಗೆಮ್ಮ ತಾನು ಕೂತ ಜಾಗದಿಂದ ಕಂಡದ್ದನ್ನು ಕಂಡ ಹಾಗೆಯೇ ಹೇಳಿದಳು. ಅದರಲ್ಲಿ ನಾಚಿಕೆಯ ಪಾಲು ಯಾರಿಗಾದರೂ ಸಲ್ಲುವುದಾದರೆ ಕೂರಿಸಿದವರಿಗೆ ಸಲ್ಲಲಿ. ಅಳುವ ಮೊಮ್ಮಗಳ ಕೈಗೆ ಒಬ್ಬ ರಾಜನನ್ನು ಕೊಟ್ಟ ತಾತನಿಗೆ ಅದು ಹೇಗೆ ಸಲ್ಲುತ್ತದೆ?

ನಿನ್ನಿಂದ ಇನ್ನೊಂದನ್ನು ಮುಚ್ಚಿಡಲಾರೆ. ಕೂರಿಸಿದ ಜಾಗದ ಮಾತು ಪುಸ್ತಕಕ್ಕೆ ಬೇಡ ಎಂದು ಸಿದ್ದರಾಮಪ್ಪನವರು ನನ್ನನ್ನು ಕೇಳಿಕೊಂಡಿದ್ದಾರೆ. ಅವರಿಗೆ ನಾನಿನ್ನೂ ಉತ್ತರಿಸಿಲ್ಲ. ನಿನ್ನ ಮಾತು ಬಂದ ಮೇಲೆ ಉತ್ತರಿಸುತ್ತೇನೆ.

ಉಳಿದ ಆರು ಅಧ್ಯಾಯಗಳ ಪ್ರತಿಗಳನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಓದು. ಅವುಗಳ ನಡುವೆ ನಿನ್ನ ಹುಲಗಿಗೆ ಜಾಗವಿದೆಯೋ ಇಲ್ಲವೋ, ಇದ್ದರೆ ಎಲ್ಲಿ ಎಂಬುದನ್ನು ನೀನೇ ನೋಡಿ ಹೇಳು. ಯಾವ ಕೈಯಲ್ಲಿ ಬರೆದರೂ ಓದುತ್ತೇನೆ. ಆದರೆ ನೋವಿಗೆ ಹೆದರಿ ಕೈ ಬದಲಿಸಬೇಡ ಎಂದು ಕೇಳಿಕೊಳ್ಳುವಷ್ಟು ಸಲಿಗೆ ನನಗಿರಲಿ.

ನಿನ್ನ,
ಅನ್ನಪೂರ್ಣ


ದೇವದುರ್ಗ
೨೭ ಅಕ್ಟೋಬರ್ ೨೦೨೪

ಪೂಜ್ಯ ಮೇಡಂ ಅವರಿಗೆ ರೇಣುಕಮ್ಮಳ ನಮಸ್ಕಾರಗಳು.

ಈ ಪತ್ರವನ್ನು ಯಾವ ಕೈಯಲ್ಲಿ ಬರೆದೆ ಎಂದು ಹೇಳುವುದಿಲ್ಲ.

ಆರು ಅಧ್ಯಾಯಗಳನ್ನೂ ಓದಿದೆ. ತಾತನಿಗೂ ಓದಿ ಹೇಳಿದೆ. ಕೊಟ್ರೇಶನ ಕೋಲಿನ ಮನುಷ್ಯ ನಗಿಸಿದ. ಆದರೆ ಅವನು ಒಂದು ಸಲವೂ ಪರದೆಯ ಹಿಂದಿನವರ ಕಡೆ ತಿರುಗುವುದಿಲ್ಲ. ಉಮಾಶ್ರೀಯ ಅಧ್ಯಾಯದಲ್ಲಿ "ಇಡೀ ಮಾನ್ವಿ ಪರದೆಯ ಮುಂದೆ ಕುಳಿತಿತ್ತು" ಎಂದಿದೆ. ಒಬ್ಬರು ಬಟ್ಟೆಗೆ ನೀರು ಗೊಜ್ಜುವುದನ್ನು ಬರೆದಿದ್ದಾರೆ, ಯಾಕೆ ಗೊಜ್ಜುತ್ತಾರೆ ಎಂದು ಬರೆದಿಲ್ಲ. ಆರು ಅಧ್ಯಾಯಗಳಲ್ಲೂ ಹಿಂದಿನ ಅಂಗಳ ಖಾಲಿ ಇದೆ.

ನನ್ನ ಹುಲಗಿ ಒಬ್ಬಳೇ ಅಲ್ಲಿ ಹೇಗೆ ಕೂರಬೇಕು ಮೇಡಂ? ಅವಳ ಅಪ್ಪ ಅವ್ವ ಎಲ್ಲಿ? ಜಿನ್ನಿನ ಕೂಲಿಯವರು ಎಲ್ಲಿ? ನಿಮ್ಮ ಪುಸ್ತಕದಲ್ಲಿ ಅವಳನ್ನು ಹಾಕಿದರೆ ಓದಿದವರು ಆ ಹುಡುಗಿಗೆ ಹುಚ್ಚು, ಯಾರೂ ಇಲ್ಲದ ಕಡೆ ಹೋಗಿ ಕೂತಿದ್ದಾಳೆ ಎನ್ನುತ್ತಾರೆ.

ಆದ್ದರಿಂದ ನನ್ನ ಮಾತು ಇದು. ನನ್ನ ಅಧ್ಯಾಯವನ್ನು ಕೊಡುತ್ತೇನೆ, ನನ್ನ ಹೆಸರಿನಲ್ಲಿಯೇ. ರಾಜ ಎಡಗೈಯವನೇ ಇರಲಿ, ಯಾಕೆ ಹಾಗೆ ಕಂಡ ಎಂಬುದೂ ಇರಲಿ. ಆದರೆ ಉಳಿದ ಆರು ಮಂದಿ ತಮ್ಮ ಅಧ್ಯಾಯಗಳನ್ನು ಮತ್ತೆ ಬರೆಯಬೇಕು. ನೀವು ತಿದ್ದಬಾರದು. ಅವರೇ ಕೇಳಿಕೊಂಡು ಬಂದು ಬರೆಯಬೇಕು.

ಇದನ್ನು ಕೇಳಿದ ತಾತ, "ಕಟ್ಟಿದ ಮನಿ ಇಳಿಸಿ ಕಟ್ರಿ ಅಂತಿ ಏನಲೇ. ನಾಳೆ ಊರ ಕಿತ್ತಸ್ತಿ" ಅಂದ. ಬೈದದ್ದೋ ಹೊಗಳಿದ್ದೋ ತಿಳಿಯಲಿಲ್ಲ. ಈ ಲಕೋಟೆಗೆ ಅಂಟು ಕಲಸಿ ಕುಳಿತಿರುವವನೂ ಅವನೇ.

ನಿಮ್ಮ ವಿದ್ಯಾರ್ಥಿನಿ,
ರೇಣುಕಮ್ಮ


ಮಾನ್ವಿ
೧೨ ನವೆಂಬರ್ ೨೦೨೪

ಅನ್ನಪೂರ್ಣ ಅವರಿಗೆ,

ತಮ್ಮ ದೀರ್ಘ ಪತ್ರವೂ, ದೇವದುರ್ಗದ ಹುಡುಗಿಯ ಪತ್ರದ ನಕಲೂ ಬಂದವು. ಈ ಸಲ ಭತ್ತ ಬೇಗ ಬರುತ್ತಿದೆ. ಅಂಗಳದಲ್ಲಿ ಒಣ ಹಾಕಬೇಕು. ಪುಸ್ತಕದ ಕಾರ್ಯಕ್ರಮಕ್ಕೆ ಜಾಗವಾಗುವುದಿಲ್ಲ ಎಂದು ತಿಳಿಸಲು ವಿಷಾದ.

ಆ ನಕಲು ಉಮಾಶ್ರೀಯ ಕೈಗೆ ಸಿಕ್ಕಿದೆ. "ಅಜ್ಜಾ, ನಮ್ಮ ಅಂಗಳದಾಗ ಅವರು ಎಲ್ಲಿ ಕುಂದ್ರತಿದ್ರು, ಜಾಗ ತೋರಸ್ರಿ" ಎಂದು ಕೇಳಿದಳು. ನಾನು ತೋರಿಸಲಿಲ್ಲ. ಅಂದಿನಿಂದ ನನ್ನ ಜೊತೆ ಊಟಕ್ಕೆ ಕೂರುತ್ತಿಲ್ಲ.

ಸಿದ್ದರಾಮಪ್ಪ


ರಾಯಚೂರು
೨೦ ನವೆಂಬರ್ ೨೦೨೪

ಏಳು ಮಂದಿ ಲೇಖಕರಿಗೆ, ಅವರನ್ನು ಬೆಳೆಸಿದ ಹಿರಿಯರಿಗೆ ಅನ್ನಪೂರ್ಣಳ ವಂದನೆ.

ನಮ್ಮ ಪುಸ್ತಕ ಮುಗಿದಿದೆ ಎಂದು ನಾನು ನಿಮಗೆ ತಿಳಿಸಿದ್ದೆ. ಅದು ಮುಗಿದಿಲ್ಲ. ರೇಣುಕಮ್ಮಳ ಪತ್ರವನ್ನು ಅವಳ ಒಪ್ಪಿಗೆ ಪಡೆದು ಇದರ ಜೊತೆ ಕಳಿಸುತ್ತಿದ್ದೇನೆ. ಅದನ್ನು ಓದಿದ ಮೇಲೆ ಮುಂದಿನದನ್ನು ಓದಿರಿ.

ನಿಮ್ಮಲ್ಲಿ ಯಾರೂ ಸುಳ್ಳು ಬರೆದಿಲ್ಲ. ನಿಮಗೆ ಹೇಳಿದವರ ಹಿರಿಯರು ಎಲ್ಲಿ ಕೂತಿದ್ದರೋ ಅಲ್ಲಿಂದ ಕಂಡದ್ದನ್ನು ಬರೆದಿರಿ. ನಾನು ನಿಮ್ಮನ್ನು ಒಂದೇ ಕಡೆಗೆ ಕಳಿಸಿದೆ; ಹಾಗಾಗಿ ಅರ್ಧ ಅಂಗಳ ಖಾಲಿ ಉಳಿಯಿತು. ರೇಣುಕಮ್ಮ ಹೇಳಿದ ಹಾಗೆ ಆರು ಅಧ್ಯಾಯಗಳನ್ನು ಮತ್ತೆ ಬರೆಯಬೇಕು. ನಾನು ಒಂದು ಅಕ್ಷರವನ್ನೂ ತಿದ್ದುವುದಿಲ್ಲ. ಕೇಳಿದರೆ ಓದಿ ಅಭಿಪ್ರಾಯ ಹೇಳುತ್ತೇನೆ.

ಇದು ಸುಲಭವಾಗುವುದಿಲ್ಲ. ಗಿರಣಿಯ ಅಂಗಳ ನಮಗೆ ಸಿಗುವುದಿಲ್ಲ. ಮೊದಲೇ ಸುದ್ದಿ ತಿಳಿದ ಮಾನ್ವಿಯ ಇಬ್ಬರು ತಂದೆಯರು ಮಕ್ಕಳನ್ನು ಇನ್ನು ಕಳಿಸುವುದಿಲ್ಲ ಎಂದು ಫೋನು ಮಾಡಿದ್ದಾರೆ. ಅವರ ಮಕ್ಕಳಿಗೂ ಈ ಪತ್ರ ಹೋಗಿದೆ; ಬಾಗಿಲು ಮುಚ್ಚಿದ್ದು ನಾವಲ್ಲ ಎಂಬುದು ಅವರಿಗೆ ತಿಳಿದಿರಲಿ. ಉಮಾಶ್ರೀ ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳ ಮುತ್ತಜ್ಜನ ತಂದೆ ಡೇರೆಯವನೊಡನೆ ವಾದಿಸಿ ಕೇರಿಯವರಿಗೆ ಜಾಗ ಮಾಡಿಸಿದ್ದೂ ನಿಜ, ಆ ಜಾಗ ಹಿಂದೆ ಇದ್ದದ್ದೂ ನಿಜ. ಈ ಎರಡನ್ನೂ ಒಂದೇ ಅಧ್ಯಾಯದಲ್ಲಿ ಬರೆಯುವುದು ನಿಮ್ಮೆಲ್ಲರ ಕೆಲಸಕ್ಕಿಂತ ಕಷ್ಟದ್ದು. ಅವಳು ಬಂದರೆ ಯಾರೂ ಅವಳನ್ನು ಚುಚ್ಚಿ ಮಾತಾಡಬಾರದು. ಇದು ನನ್ನ ಕೋರಿಕೆಯಲ್ಲ, ಆಜ್ಞೆ.

ಡಿಸೆಂಬರ್ ಒಂದರ ಭಾನುವಾರ ಬೆಳಿಗ್ಗೆ ದೇವದುರ್ಗದಲ್ಲಿ ಸೇರೋಣ. ಹಂಪಯ್ಯನವರು ತಮ್ಮ ಮನೆಯ ಮುಂದಿನ ಬಯಲನ್ನು ಕಸ ಹೊಡೆಸಿ ಕೊಡುವುದಾಗಿ ಹೇಳಿದ್ದಾರೆ. ಮಧ್ಯಾಹ್ನಕ್ಕೆ ಅಲ್ಲಿಯೇ ರೊಟ್ಟಿ, ಪುಂಡಿಪಲ್ಯ. ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತೇವೆ. ನಾನು ಬಸ್ಸಿನಲ್ಲಿ ಬರುತ್ತೇನೆ. ಮೆಟ್ಟಿಲು ಇಳಿಯುವಾಗ ಯಾರಾದರೂ ಕೈ ಕೊಟ್ಟರೆ ಸಂತೋಷ.

ಅಲ್ಲಿಯ ತನಕ ಒಂದು ಕೆಲಸ. ಆ ಕಾಲದಲ್ಲಿ ಹಿಂದೆ ಕೂತವರ ಮನೆಗಳು ನಿಮ್ಮ ಊರಿನಲ್ಲಿ ಇಂದಿಗೂ ಇವೆ. ಹೋಗಿ, ಬಾಗಿಲಲ್ಲಿ ನಿಂತು, ನಮಸ್ಕಾರ ಹೇಳಿ ಕೇಳಿರಿ. ಒಳಗೆ ಕರೆದರೆ ಕುಳಿತು ಕೇಳಿ, ನೀರು ಕೊಟ್ಟರೆ ಕುಡಿಯಿರಿ. ನಿಮ್ಮ ಸ್ವಂತ ಮನೆಯಲ್ಲಿಯೂ ಕೇಳಿರಿ. ಕೇಳಿದಾಗ ಯಾರಾದರೂ ಮಾತು ನಿಲ್ಲಿಸಿದರೆ, ಎಲ್ಲಿ ನಿಲ್ಲಿಸಿದರು ಎಂಬುದನ್ನು ಗುರುತು ಹಾಕಿಕೊಳ್ಳಿ.

ಹಳೆಯ ಪ್ರತಿಗಳನ್ನು ಹರಿಯಬೇಡಿ, ಬದಿಗಿಡಿ. ಬರುವಾಗ ಹೊಸ ಹಾಳೆಗಳನ್ನು ತನ್ನಿ. ಡೇರೆ ಬರುವ ಮುಂಚಿನ ಸಂಜೆಯಿಂದ, ಅಂಗಳವನ್ನು ಗುಡಿಸುವವರಿಂದ ಮೊದಲುಮಾಡಿ, ಈ ಕತೆಯನ್ನು ಬರೆಯೋಣ ಬನ್ನಿ.

ನಿಮ್ಮ ಜೊತೆ ಕೂರಲಿರುವ,
ಅನ್ನಪೂರ್ಣ